ಕಾಲೂರದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಸೈಕಲ್ ಹತ್ತಿ ಎಲ್ಲಿಗೂ ಹೋಗದ ಮನುಷ್ಯ. ಸೋಮಾರಿ ಎಂದುಕೊಂಡಿರಾ? ಎಲ್ಲಿಗೂ ಹೋಗದೆ ಇರುವುದಕ್ಕಾಗಿ ಅವರಷ್ಟು ಬೆವರು ಸುರಿಸಿದ ಇನ್ನೊಬ್ಬರನ್ನು ಇಡೀ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ತೋರಿಸಿಬಿಡಿ, ನಾನು ಬರೆಯುವುದನ್ನೇ ಬಿಡುತ್ತೇನೆ! ಹತ್ತಿದ ಜಾಗದಲ್ಲೇ, ಕಾಲು ಕೆಳಗೆ ಊರದೆ, ಸೈಕಲ್ ಮೇಲೆ ಅಲ್ಲಾಡದೆ ನಿಲ್ಲುವುದು ಅವರ ಸಾಧನೆ.

ಎಲ್ಲಕ್ಕೂ ಕಾರಣ ಚಿಂತಾಮಣಿಯಲ್ಲಿ ಅವರು ಬಿದ್ದದ್ದು. ಚಿಕ್ಕಮ್ಮನ ತವರು ಅದು. ಚಿಕ್ಕಮ್ಮನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೊರಟವರು ಗುಂಡಿ, ಲಾರಿ, ಎಮ್ಮೆ ಎಲ್ಲವನ್ನೂ ದಾಟಿ ಕ್ಷೇಮವಾಗಿ ಊರು ಮುಟ್ಟಿದರು. ಸರ್ಕಲ್ಲಿನಲ್ಲಿ ಬಸ್ಸಿಗೆ ದಾರಿ ಬಿಡಲು ನಿಂತರು. ನಿಂತರು ಎನ್ನುವುದು ತಪ್ಪು. ಗಾಡಿ ನಿಂತಿತು, ಚಿಕ್ಕಪ್ಪ ಕಾಲು ಚಾಚಿದರು, ನೆಲ ಸಿಗಲಿಲ್ಲ! ಅವರ ಕಾಲೇ ಗಿಡ್ಡ ಎಂದು ಚಿಕ್ಕಮ್ಮ. ರಸ್ತೆ ತಗ್ಗಿತ್ತು ಎಂದು ಚಿಕ್ಕಪ್ಪ. ನಾನು ಹೋಗಿ ನೋಡಿದಾಗ ತಗ್ಗೇನೋ ಇತ್ತು, ಆದರೆ ಅದನ್ನು ಆಮೇಲೆ ಅಗೆದರೋ ಏನೋ. ಇಂಥ ವಿಷಯದಲ್ಲಿ ನೆಲವನ್ನೂ ನಂಬಬಾರದು, ನೆನಪನ್ನಂತೂ ನಂಬಲೇಬಾರದು. ಜಗಳವಿಲ್ಲದ ಸಂಗತಿ ಒಂದೇ: ಚಿಕ್ಕಮ್ಮನ ಮಣಿಕಟ್ಟು ಮುರಿಯಿತು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದವರೇ ತೀರ್ಪು ಕೊಟ್ಟರು. "ಓಡೋ ಗಾಡಿಯಿಂದ ಬೀಳ್ಸಿದ್ರೆ ನನ್ನ ಹಣೆಬರ ಅಂತಿದ್ದೆ. ನಿಂತ ಗಾಡಿಯಿಂದ ಬೀಳ್ಸಿದ್ರಲ್ರೀ! ಇನ್ನು ನಿಮ್ಮ ಹಿಂದೆ ಕೂತ್ರೆ ಕೇಳಿ!"

ಅಂದಿನಿಂದ ಚಿಕ್ಕಮ್ಮನಿಗೆ ಬಸ್ಸೇ ಗತಿ. ಚಿಕ್ಕಪ್ಪ? ಆ ಬಸ್ಸಿನ ಹಿಂದೆ ಮೊಪೆಡ್ಡಿನಲ್ಲಿ, ಹೊಗೆ ಕುಡಿಯುತ್ತ, ಚಿಂತಾಮಣಿಯವರೆಗೆ!

"ಅಮ್ಮಾ, ನಿಮ್ಮ ಯಜಮಾನ್ರು ಹಿಂದೆ ಬರ್ತಾವ್ರೆ" ಎಂದನಂತೆ ಕಂಡಕ್ಟರ್.

"ನೀನು ಮುಂದೆ ನೋಡಪ್ಪ" ಎಂದರಂತೆ ಚಿಕ್ಕಮ್ಮ.

"ನೀವೂ ಬಸ್ಸಲ್ಲೇ ಕೂತ್ಕೊಂಡು ಹೋಗ್ಬಾರ್ದಾ ಚಿಕ್ಕಪ್ಪ?" ಎಂದು ನಾನು ಕೇಳಿದೆ.

"ಮನಸ್ಸು ಬದಲಾಯ್ಸಿ ನಡುವೆ ಎಲ್ಲಾದ್ರೂ ಇಳಿದ್ರೆ? ಗಾಡಿ ಇರಬೇಕಲ್ಲೋ!"

ಒಂದು ದಿನವೂ ಚಿಕ್ಕಮ್ಮ ನಡುವೆ ಇಳಿಯಲಿಲ್ಲ.

ಹೀಗಿರುವಾಗ ಕೇಬಲ್ ಟೀವಿಯಲ್ಲಿ ಚಿಕ್ಕಪ್ಪನಿಗೆ ದರ್ಶನವಾಯಿತು. ಯಾವುದೋ ದೇಶದ ಹುಡುಗರು ಸೀಟೇ ಇಲ್ಲದ ಸೈಕಲ್ಲಿನಲ್ಲಿ ಬಂಡೆಯಿಂದ ಬಂಡೆಗೆ ನೆಗೆದು, ಬಂಡೆಯ ತುದಿಯಲ್ಲಿ ಕಾಲೂರದೆ ನಿಂತುಬಿಡುತ್ತಿದ್ದರು. ಅದಕ್ಕೆ ಟ್ರಯಲ್ಸ್ ಬೈಕ್ ಎಂದು ಹೆಸರು. ನೆಗೆತದ ಮೇಲೆ ಚಿಕ್ಕಪ್ಪನಿಗೆ ಆಸೆಯಿರಲಿಲ್ಲ. "ಓಡ್ಸೋದು ಎಲ್ರಿಗೂ ಬರ್ತದೆ ಕಣೇ, ನಿಲ್ಸೋದು ಯಾರಿಗೆ ಬರ್ತದೆ?" ಎಂದು ಕೂಗಿದವರೇ ಹಳೇ ಸೈಕಲ್ಲನ್ನು ವೆಲ್ಡಿಂಗ್ ಅಂಗಡಿಗೆ ಹೊತ್ತರು. ಸೀಟು ಕೀಳಿಸಿದರು, ಕಂಬಿ ಕತ್ತರಿಸಿ ತಗ್ಗಿಸಿದರು. ಆ ಸೈಕಲ್ಲಿನ ಬಣ್ಣ ಕೆಂಪು ಎಂದು ನನ್ನ ನೆನಪು. ಮನೆಯವರೆಲ್ಲ ಹಸಿರು ಅನ್ನುತ್ತಾರೆ. ಬಹುಮತಕ್ಕೆ ತಲೆಬಾಗಿ ನೀವು ಹಸಿರೆಂದೇ ಓದಿಕೊಳ್ಳಿ.

ಅಭ್ಯಾಸ ರೇಷ್ಮೆಹುಳು ಸಾಕುವ ಮನೆಯ ಮುಂದಿನ ಅಂಗಳದಲ್ಲಿ. ಪೆಡಲು ಎರಡೂ ಸಮ, ಮುಂದಿನ ಚಕ್ರ ತುಸು ಎಡಕ್ಕೆ, ಬೆರಳು ಬ್ರೇಕಿನ ಮೇಲೆ, ಕಣ್ಣು ಒಂದೇ ಕಡೆ. ದಡಾರ್! ಎದ್ದು ಮತ್ತೆ ಹತ್ತುವುದು. ಮತ್ತೆ ದಡಾರ್! ರೇಷ್ಮೆಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆಯೆತ್ತಿ, ಕಲ್ಲಿನಂತೆ ಕೂರುತ್ತದೆ. ನಮ್ಮ ಕಡೆ ಅದನ್ನು ಜ್ವರಕ್ಕೆ ಕೂರುವುದು ಅನ್ನುತ್ತೇವೆ. ಆಗ ಹುಳುವಿಗೆ ಮೇವಿಲ್ಲ, ಮನುಷ್ಯರಿಗೆ ಕೆಲಸವಿಲ್ಲ. ಚಿಕ್ಕಪ್ಪನ ಅಭ್ಯಾಸಕ್ಕೆ ಅದೇ ಮುಹೂರ್ತ.

"ಒಳಗೆ ಹುಳ ಜ್ವರಕ್ಕೆ ಕೂತವೆ, ಹೊರಗೆ ಇವರು" ಎಂದು ಚಿಕ್ಕಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು. "ಅವು ಎದ್ರೆ ಗೂಡಾದ್ರೂ ಕಟ್ತವೆ!"

ಒಂದು ಸಲ ಪಕ್ಕದ ಮನೆಯಾಕೆ ಚಂದ್ರಿಕೆ ಕೇಳಲು ಬಂದರು. ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ತಟ್ಟೆ ಅದು. ಚಿಕ್ಕಪ್ಪನನ್ನು ಕಂಡವರೇ ಚಪ್ಪಲಿ ಕಳಚಿ ತುದಿಗಾಲಲ್ಲಿ ದಾಟಿ, "ಎಷ್ಟನೇ ಜ್ವರ ಅಕ್ಕ?" ಎಂದು ಪಿಸುಗುಟ್ಟಿದರು. "ನಾಲ್ಕನೇದು, ಕೊನೇದು" ಎಂದು ಚಿಕ್ಕಮ್ಮ. ಅಂಗಳದಲ್ಲಿ ದಡಾರ್!

ಬೀಳುವುದು ಕಡಿಮೆಯಾಗುತ್ತ ಬಂತು. ಚಿಕ್ಕಮ್ಮ ಮಾತ್ರ ಬಸ್ಸು ಬಿಡಲಿಲ್ಲ.

ಆಗ ನಾನು ಗೌರಿಬಿದನೂರಿನಲ್ಲಿದ್ದೆ. ಅಲ್ಲಿ ರಾಜ್ಯೋತ್ಸವಕ್ಕೆ ನಿಧಾನ ಸೈಕಲ್ ಸ್ಪರ್ಧೆ, ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವರು ಗೆದ್ದಂತೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಬಸ್ಸಿನ ಟಾಪಿನ ಮೇಲೆ ಸೈಕಲ್, ಒಳಗೆ ಚಿಕ್ಕಮ್ಮ, ಹಿಂದೆ ಎಂದಿನಂತೆ ಮೊಪೆಡ್ಡಿನಲ್ಲಿ ಚಿಕ್ಕಪ್ಪ. ಇಬ್ಬರೂ ಬಂದಿಳಿದರು. "ಬಹುಮಾನ ಯಾರಿಗೆ ಬೇಕು?" ಎಂದರು ಚಿಕ್ಕಪ್ಪ ನನ್ನ ಕಿವಿಯಲ್ಲಿ. "ಅವಳು ನೋಡ್ಬೇಕು, ಅಷ್ಟೆ."

ಸೀಟಿ ಊದಿದರು. ಹುಡುಗರೆಲ್ಲ ಓಲಾಡುತ್ತ, ಕೆಲವರು ಬೀಳುತ್ತ, ಗೆರೆ ಮುಟ್ಟಿದರು. ಚಿಕ್ಕಪ್ಪ ಹೊರಟ ಜಾಗದಲ್ಲೇ ಇದ್ದರು, ಕಣ್ಣು ಹೆಂಗಸರ ಸಾಲಿನ ಮೇಲೆ ನೆಟ್ಟು.

"ಸೈಕಲ್ ಮೇಲಿರುವ ಹಿರಿಯರು ದಯವಿಟ್ಟು ಚಲಿಸಬೇಕು" ಎಂದಿತು ಮೈಕು.

ಸೀಟಿಯವರು ಓಡಿಬಂದರು. "ಸಾರ್, ನಿಧಾನ ಅಂದ್ರೆ ನಿಧಾನವಾಗಿ ಹೋಗೋದು! ಹೋಗ್ದೇ ಇರೋದಲ್ಲ!"

"ಹೋಗ್ತೀನಿ ಸ್ವಾಮಿ. ಇನ್ನೂ ಬ್ಯಾಲೆನ್ಸ್ ತಪ್ಪಿಲ್ವಲ್ಲ."

ಬಹುಮಾನದ ಸ್ಟೀಲ್ ಡಬ್ಬಿ ಬೇರೆ ಯಾರಿಗೋ ಹೋಯಿತು. ಮೈದಾನವೆಲ್ಲ ನಗು. ಕಡಲೆಕಾಯಿ ಸಿಪ್ಪೆಯೂ ಒಂದೆರಡು ಹಾರಿತು. ಚಿಕ್ಕಪ್ಪನ ತೊಡೆ ಗಡಗಡ ನಡುಗುತ್ತಿತ್ತು, ಕಾಲು ಮಾತ್ರ ಕೆಳಗೆ ಬರಲಿಲ್ಲ. ಚಿಕ್ಕಮ್ಮ ಎದ್ದರು. ಎಲ್ಲರಿಗಿಂತ ಜೋರಾಗಿ ನಗಬೇಕಾದವರು ಅವರೇ ಅಲ್ಲವೇ? ನೆರಿಗೆ ಎತ್ತಿ ಹಿಡಿದು ಸೀದಾ ಮೈದಾನದೊಳಗೆ ನಡೆದರು.

"ಯಾಕ್ರಪ್ಪ ನಗ್ತೀರಾ? ನಿಮ್ಮಲ್ಲಿ ಒಬ್ರಾದ್ರೂ ಹಿಂಗೆ ನಿಂತು ತೋರ್ಸಿ, ನೋಡೋಣ!" ಆಮೇಲೆ ಚಿಕ್ಕಪ್ಪನ ಹತ್ತಿರ ಹೋಗಿ, ದನಿ ತಗ್ಗಿಸಿ, "ಇಳೀರಿ. ನೋಡಿದೆ" ಎಂದರು.

ಸ್ವಲ್ಪ ದಿನದ ಮೇಲೆ ಶಿಡ್ಲಘಟ್ಟಕ್ಕೆ ಹೋಗಿದ್ದೆ. ತವರಿಗೆ ಹೊರಟ ಚಿಕ್ಕಮ್ಮ ಚೀಲ ಹಿಡಿದು ಬಂದು, ಬಸ್ಸಿನ ಹಾರನ್ ಕೇಳಿಸಿದರೂ ಕೇಳಿಸದವರಂತೆ ಮೊಪೆಡ್ಡಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತರು. "ಏನ್ ಹಂಗೆ ನೋಡ್ತೀರಿ? ಹೊರಡಿ!"

ನಾನು ನನ್ನ ಗಾಡಿಯಲ್ಲಿ ಅವರ ಹಿಂದೆ ಹೊರಟೆ. ಊರು ದಾಟುತ್ತಲೇ ರಸ್ತೆಗೆ ಅಡ್ಡಲಾಗಿ ಕುರಿಮಂದೆ. ಚಿಕ್ಕಪ್ಪ ಬ್ರೇಕು ಹಿಡಿದರು. "ನೋಡ್ತಾ ಇರು ಕಣೇ, ಕಾಲು ಊರಲ್ಲ!"

ಊರಲಿಲ್ಲ! ಕುರಿಗಳು ಅವಸರವಿಲ್ಲದೆ ದಾಟುತ್ತಿದ್ದವು. ಚಿಕ್ಕಪ್ಪನ ಎರಡೂ ಕಾಲು ಗಾಡಿಯ ಮೇಲೆ, ಮೊಪೆಡ್ಡು ಗೋಡೆಯಂತೆ ನಿಂತಿತ್ತು. ಸೈಕಲ್ಲಲ್ಲ, ಮೊಪೆಡ್ಡು! ಮೇಲೆ ಇಬ್ಬರು, ಒಂದು ಚೀಲ! ಭಲೇ ಚಿಕ್ಕಪ್ಪ ಎಂದು ಕೂಗಬೇಕೆನ್ನುವಷ್ಟರಲ್ಲಿ ಕಣ್ಣು ಕೆಳಗೆ ಹೋಯಿತು.

ಸೀರೆಯ ಅಂಚಿನ ಕೆಳಗೆ ಚಿಕ್ಕಮ್ಮನ ಎಡಗಾಲು ಡಾಂಬರಿನ ಮೇಲೆ ಭದ್ರವಾಗಿ ಊರಿತ್ತು. ಎಡಗಾಲೇ. ಇದೊಂದರಲ್ಲಿ ಬಹುಮತ ಕೇಳುವುದಿಲ್ಲ. ಗಾಡಿಯ ಭಾರ, ಗಂಡನ ಭಾರ, ಎಲ್ಲ ಆ ಕಾಲಿನ ಮೇಲಿತ್ತು. ಚಿಕ್ಕಮ್ಮ ಹಿಂತಿರುಗಿ ನನ್ನನ್ನು ನೋಡಿದರು. ನನ್ನ ಬಾಯಿ ತೆರೆದೇ ಇತ್ತು. ಹೇಳಬೇಡ ಎಂಬಂತೆ ಒಮ್ಮೆ ತಲೆಯಾಡಿಸಿದರು.

ಕೊನೆಯ ಕುರಿ ದಾಟಿತು. "ಹೆಂಗೆ?" ಎಂದರು ಚಿಕ್ಕಪ್ಪ, ಮುಂದೆ ನೋಡುತ್ತಲೇ.

"ಬಂಡೆ ನಿಂತಂಗೆ ನಿಂತ್ರಿ" ಎಂದರು ಚಿಕ್ಕಮ್ಮ. ಗಾಡಿ ಕದಲಿದ ಮೇಲೆಯೇ ಕಾಲು ಮೇಲೆತ್ತಿಕೊಂಡರು.