ಅಣ್ಣನ ಮೀನಿನ ಲೈಸೆನ್ಸು

ಕ್ಯಾಲಿಫೋರ್ನಿಯಾದ ಮೀನುಗಳೆಲ್ಲ ಒಂದು ದಿನ ಸಭೆ ಸೇರಿ, ತಮ್ಮನ್ನು ಹಿಡಿಯಲು ಯಾರು ಬರಬೇಕೆಂದು ಚುನಾವಣೆ ನಡೆಸಿದವೆನ್ನಿ. ನಮ್ಮ ಅಣ್ಣ ಅವಿರೋಧವಾಗಿ ಆರಿಸಿ ಬರುತ್ತಾನೆ! ಅವನು ಮೀನು ತಿನ್ನುವುದಿಲ್ಲ. ಹಿಡಿದರೆ ಕ್ಷಮೆ ಕೇಳಿ ವಾಪಸು ಬಿಡುತ್ತಾನೆ. ಅವನಿಗೆ ಕಣ್ಣು ಕಾಣುವುದಿಲ್ಲ. ಇಂಥವನ ಕೊರಳಲ್ಲಿ ಮೀನು ಹಿಡಿಯುವ ಸರ್ಕಾರಿ ಲೈಸೆನ್ಸು ತೂಗಾಡುತ್ತಿರುತ್ತದೆ. ಮೀನುಗಳಿಗೆ ಇನ್ನೇನು ಬೇಕು?

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅಣ್ಣ ಇಂಜಿನಿಯರಾದ. ನಾನು ಏಳನೇ ಇಯತ್ತೆಗೆ ಪಾಟಿಚೀಲ ಗೂಟಕ್ಕೆ ಹಾಕಿದೆ. ಅವನು ಅಮೆರಿಕಕ್ಕೆ ಬಂದು, ನನ್ನನ್ನೂ ಕರೆಸಿಕೊಳ್ಳಲು ಅರ್ಜಿ ಹಾಕಿದ. ಆ ಅರ್ಜಿ ಹಣ್ಣಾಗುವಷ್ಟರಲ್ಲಿ ನಾನೂ ಹಣ್ಣಾಗಿದ್ದೆ. ಬಂದು ನೋಡಿದರೆ ಅತ್ತಿಗೆ ತೀರಿಕೊಂಡಿದ್ದರು, ಸಕ್ಕರೆ ಕಾಯಿಲೆ ಅವನ ಎರಡೂ ಕಣ್ಣು ತಿಂದು ಮುಗಿಸಿತ್ತು. ವಿಮಾನ ನಿಲ್ದಾಣದಲ್ಲಿ ನನ್ನ ಮುಖ ತಡವಿ ನೋಡಿ, "ಏನಽ ತಂಗಿ, ನಮ್ಮವ್ವನ ಮಾರಿ ನಿನಗ ಯಾವಾಗ ಬಂತು?" ಅಂದ. ಮುದುಕಿಯಾಗಿದ್ದೀ ಎಂದು ಹೇಳುವ ರೀತಿಯೇ ಅದು?

ಕಣ್ಣು ಹೋಯಿತೆಂದು ಅವನು ಅಳುತ್ತ ಕೂಡಲಿಲ್ಲ. ಕಣ್ಣಿಲ್ಲದವರಿಗೆ ಈ ದೇಶದಲ್ಲಿ ಏನೇನು ಪುಕ್ಕಟೆ ಸಿಗುತ್ತದೆಂದು ಹುಡುಕುತ್ತ ಕೂತ! ಬಸ್ಸಿನ ಪಾಸು ತಂದ. ಪಾರ್ಕಿನ ಪಾಸು ತಂದ. ಲಿವರ್‌ಮೋರಿನ ಗುಡಿಯಲ್ಲಿ ಹಬ್ಬದ ದಿನ ಮೈಲುದ್ದದ ಸಾಲು ನಿಂತಿದ್ದರೆ, ತನ್ನನ್ನು ಮೊದಲು ಬಿಡಬೇಕೆಂದು ವಾದಕ್ಕೆ ನಿಂತ. ಸ್ವಯಂಸೇವಕ, "ಸರ್, ದರ್ಶನಕ್ಕೆ ಎಲ್ಲರೂ ಒಂದೇ" ಅಂದ.

"ನನಗ ದರ್ಶನ ಬ್ಯಾಡೋ ಮಾರಾಯಾ. ಅವಗ ನನ್ನ ದರ್ಶನ ಆಗಲಿ. ಭಾಳ ದಿನ ಆತು ನನ್ನ ನೋಡಿ!"

ಬಿಟ್ಟರು.

ಹೀಗಿರುವಾಗ ಕಣ್ಣಿನ ಆಸ್ಪತ್ರೆಯಲ್ಲಿ ಪಕ್ಕದ ಕುರ್ಚಿಯವರು ಯಾರೋ, ಕಣ್ಣಿಲ್ಲದವರಿಗೆ ಮೀನು ಹಿಡಿಯುವ ಲೈಸೆನ್ಸು ಈ ರಾಜ್ಯದಲ್ಲಿ ಪುಕ್ಕಟೆ ಎಂದು ಅವನ ಕಿವಿಗೆ ಹಾಕಿದರು. ಮುಗಿಯಿತು! ಡಾಕ್ಟರ ಮುಂದೆ ಕೂತು ಸರ್ಟಿಫಿಕೇಟು ಕೇಳಿದ. ಡಾಕ್ಟರು ಬೆಂಗಳೂರು ಕಡೆಯ ಹೆಣ್ಣುಮಗಳು.

"ಫಿಶಿಂಗ್ ಮಾಡ್ತೀರಾ ಅಂಕಲ್? ಗುಡ್! ಮೀನು ಹೆಲ್ತಿಗೂ ಒಳ್ಳೇದು."

"ಛೇ ಛೇ! ನಾವು ಮೀನಿನ ವಾಸನಿ ಬಂದ್ರ ಓಣಿ ಬದಲಿಸೋ ಮಂದಿ."

"ಮತ್ತೆ ಲೈಸೆನ್ಸು ಯಾಕೆ?"

"ಸರ್ಕಾರ ಕೊಡಾಕತ್ತೈತಿ. ಬ್ಯಾಡ ಅಂದ್ರ ಅದಕ್ಕ ಅವಮಾನ ಅಲ್ಲೇನವಾ?"

ಲೈಸೆನ್ಸು ಬಂತು. ಆದರೆ ಬಸ್ಸಿನ ಪಾಸಿಗೂ ಇದಕ್ಕೂ ಒಂದು ವ್ಯತ್ಯಾಸವಿತ್ತು. ಬಸ್ಸಿನ ಪಾಸು ಜೇಬಿನಲ್ಲಿದ್ದರೆ ಸಾಕು. ಲೈಸೆನ್ಸಿಗೆ ಮೀನು ಹಿಡಿಯಬೇಕಾಗುತ್ತದೆ! "ಕೊಟ್ಟದ್ದು ಬಳಸಲಿಲ್ಲಂದ್ರ ಪಾಪ ಬರತೈತಿ" ಎಂದು ಗಾಳದ ಕೋಲು ಕೊಂಡ. ಹುಳ ಚುಚ್ಚುವುದು ಹಿಂಸೆಯೆಂದು ಜೋಳದ ಹಿಟ್ಟಿಗೆ ಬೆಳ್ಳುಳ್ಳಿ, ಶೇಂಗಾ ಚಟ್ನಿಪುಡಿ ಕಲಸಿ ಉಂಡೆ ಮಾಡಿಸಿದ. ಮಾಡಿದವಳು ಯಾರು? ನಾನೇ. ಲಿವರ್‌ಮೋರ್ ಆಚೆಯ ಕೆರೆಗೆ ಗುಡ್ಡ ಹತ್ತಿಸಿ ಕಾರಿನಲ್ಲಿ ಕರೆದೊಯ್ದವಳೂ ನಾನೇ.

ನಂಬುತ್ತೀರೋ ಇಲ್ಲವೋ, ಮೊದಲ ದಿನವೇ ಒಂದು ಬಿತ್ತು! ಅವನು ಅದನ್ನು ಒದ್ದೆ ಕೈಯಲ್ಲಿ ತಡವಿದ.

"ತಂಗೀ, ಇದಕ್ಕ ಮೀಸಿ ಐತಿ! ಥೇಟ್ ನಮ್ಮ ಸೋದರಮಾವ! ತಪ್ಪಾತೋ ಮಾವಾ, ಹೋಗು" ಎಂದು ನೀರಿಗೆ ಬಿಟ್ಟ. ಮನೆಗೆ ಬಂದು ತಲೆಗೆ ಸ್ನಾನ ಮಾಡಿದ. ಆದರೆ ಅವತ್ತು ಅವನ ಮುಖದಲ್ಲಿದ್ದ ಗೆಲುವನ್ನು ನಾನು ಈ ದೇಶಕ್ಕೆ ಬಂದ ಮೇಲೆ ಕಂಡಿರಲಿಲ್ಲ. ಕತ್ತಲೊಳಗಿಂದ ಯಾರೋ ಅವನ ಕೈ ಹಿಡಿದು ಜಗ್ಗಿದ್ದರು. ಅಂದಿನಿಂದ ಪ್ರತಿ ಶನಿವಾರ ಕೆರೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಬರದಿದ್ದರೆ ನನಗೇ ಹಿತ.

ನಾನು ಪಾಲೋ ಆಲ್ಟೋದ ಒಂದು ಡೇಕೇರಿನಲ್ಲಿ ಕೂಸುಗಳನ್ನು ನೋಡಿಕೊಳ್ಳುತ್ತೇನೆ. ನನ್ನ ಇಂಗ್ಲಿಷು ಅಲ್ಲಿಯದೇ: ನೋ ನೋ, ಶೇರ್ ಶೇರ್, ನ್ಯಾಪ್ ಟೈಮ್. ಮಕ್ಕಳಿಗೆ ನ್ಯಾಪ್ ಟೈಮ್ ಇದೆ, ಮಲಗಿಸುವವರಿಗೆ ಇಲ್ಲ. ಶನಿವಾರ ಬರುವಷ್ಟರಲ್ಲಿ ನಾನು ನಿಂತಲ್ಲೇ ತೂಕಡಿಸುವ ಎಮ್ಮೆ. ಒಮ್ಮೆ ಕೆರೆಯಿಂದ ವಾಪಸು ಬರುವಾಗ ಫ್ರೀವೇಯಲ್ಲಿ ಕಣ್ಣು ಎಳೆದು, ಕಾರು ಪಕ್ಕದ ಲೇನಿಗೆ ಜಾರಿ, ಲಾರಿಯವನು ಹಾರ್ನ್ ಹೊಡೆದ. "ಏನಾತು?" ಅಂದ ಅಣ್ಣ. "ಲಾರಿಯವಗ ಹುಚ್ಚು" ಅಂದೆ.

ಮುಂದಿನ ಶನಿವಾರ ನಾನು ಗುಡ್ಡ ಹತ್ತಲಿಲ್ಲ. ನಮ್ಮ ಡೇಕೇರಿನ ಹಿಂದೆ ಒಂದು ಕಂಪನಿಯಿದೆ, ಅದರ ಅಂಗಳದಲ್ಲಿ ಕಾರಂಜಿಯ ಕೊಳವಿದೆ. ಮನೆಯಿಂದ ಕಣ್ಣು ಮುಚ್ಚಿಕೊಂಡು ಹೋಗಬಹುದಾದ ದಾರಿ. ಅಣ್ಣನನ್ನು ಅಲ್ಲಿ ಮಡಿಚುವ ಕುರ್ಚಿಯಲ್ಲಿ ಕೂರಿಸಿ, "ಕೆರಿ ಬಂತು ಅಣ್ಣಾ" ಅಂದೆ. ಕಾರಿಗೆ ಹೋಗಿ ಮಲಗಿದೆ.

ಕಣ್ಣಿದ್ದವರಿಗೆ ಮೋಸ ಮಾಡಲು ಸ್ವಲ್ಪವಾದರೂ ಜಾಣತನ ಬೇಕು. ನನಗೆ ಅದೂ ಬೇಕಾಗಲಿಲ್ಲ.

"ಇವತ್ತ ಭಾಳ ಲಗೂ ಬಂದ್ವಿ?" ಅಂದ.

"ಟ್ರಾಫಿಕ್ಕಽ ಇಲ್ಲ."

"ಗುಡ್ಡ ಹತ್ತಲಿಲ್ಲಲ್ಲ?"

"ಹೊಸ ರಸ್ತಾ ಮಾಡ್ಯಾರ."

"ಭೇಷ್! ಗುಡ್ಡಾನೂ ತೆಗದ್ರು. ಅದೇನದು ನೀರು ಸುರಿಯೋ ಸಪ್ಪಳ?"

"ಝರಿ."

ಆ ಕಾರಂಜಿಗೆ ಟೈಮರ್ ಇದೆ. ಆಗಾಗ ಗಕ್ಕನೆ ನಿಲ್ಲುತ್ತದೆ. "ಝರಿ ನಿಂತಿತಲ್ಲವಾ?" ಎಂದು ಕೇಳಿದ. "ಇಲ್ಲಿ ಝರಿಗೂ ಬ್ರೇಕ್ ಕೊಡತಾರ" ಅಂದೆ. ಏಳನೇ ಇಯತ್ತೆಯ ತಲೆಗೆ ಇನ್ನೇನು ಹೊಳೆಯಬೇಕು? ಅವನು ತಲೆಯಾಡಿಸಿ, "ಕಾರ್ಮಿಕ ಕಾಯ್ದೆ ಛಲೋ ಐತಿ" ಅಂದ.

ಹೀಗೆ ಚಳಿಗಾಲವಿಡೀ ನಡೆಯಿತು. ಶನಿವಾರವೂ ಕೆಲಸಕ್ಕೆ ಬರುವ ಇಂಜಿನಿಯರುಗಳು ಕೊರಳಲ್ಲಿ ಬ್ಯಾಡ್ಜು ತೂಗಿಸಿಕೊಂಡು ಓಡಾಡುತ್ತಿದ್ದರು. ಅಣ್ಣನ ಕೊರಳಲ್ಲೂ ಪ್ಲಾಸ್ಟಿಕ್ಕಿನ ಲೈಸೆನ್ಸು. ಯಾರೋ ಹಿರಿಯ ಅಧಿಕಾರಿ ತಲೆಬಿಸಿ ಇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡರೋ ಏನೋ, ಕೆಲವರು ಗುಡ್ ಮಾರ್ನಿಂಗ್ ಹೇಳಿ ಹೋಗುತ್ತಿದ್ದರು! ನಾನು ಎದ್ದು ಬಂದಾಗಲೆಲ್ಲ ಅವನು ನೀರಿಗೆ ಗಾಳ ಬಿಟ್ಟುಕೊಂಡು ಸನ್ಯಾಸಿಯ ಹಾಗೆ ಕೂತಿರುತ್ತಿದ್ದ. "ಬಿತ್ತೇನು ಅಣ್ಣಾ?" "ಇಲ್ಲವಾ. ಭಾಳ ಶ್ಯಾಣ್ಯಾ ಮೀನದಾವು." ಮುಂದಿನ ವಾರ ಕೆರೆಗೇ ಹೋಗೋಣ ಅಂದುಕೊಳ್ಳುತ್ತಿದ್ದೆ. ಮುಂದಿನ ವಾರ ನಿದ್ದೆ ಬರುತ್ತಿತ್ತು.

ಒಂದು ಶನಿವಾರ ಎಚ್ಚರವಾಗಿ ನೋಡಿದರೆ ಅಣ್ಣನ ಮುಂದೆ ಸೆಕ್ಯುರಿಟಿಯ ಹೆಂಗಸು! ಬೆಲ್ಟು, ವಾಕಿಟಾಕಿ. ಮುಗಿಯಿತು ನನ್ನ ಕೆರೆ, ಮುಗಿಯಿತು ನನ್ನ ಮಾನ! ಚಪ್ಪಲಿಯನ್ನೂ ಮೆಟ್ಟದೆ ಓಡಿ, "ನೋ ನೋ! ಸಾರಿ ಸಾರಿ!" ಎಂದು ಇದ್ದ ಇಂಗ್ಲಿಷನ್ನೆಲ್ಲ ಸುರಿದೆ.

ಆಕೆ ನನ್ನನ್ನು ನೋಡಿ ನಕ್ಕಳು. ತುಟಿಯ ಮೇಲೆ ಬೆರಳಿಟ್ಟು, ನಮ್ಮ ಕಾರು ತೋರಿಸಿ, "ನ್ಯಾಪ್ ಟೈಮ್" ಅಂದಳು. ಅಣ್ಣನ ಭುಜ ತಟ್ಟಿ, ಮೀನಿಗೆಂದು ನಾನು ಕಲಸಿಕೊಟ್ಟಿದ್ದ ಉಂಡೆಗಳಲ್ಲಿ ಒಂದನ್ನು ಅವನ ಕೈಯಿಂದ ತೆಗೆದುಕೊಂಡು ಹೋದಳು. ಹಳೆಯ ಗೆಳೆತನವೆಂದು ನೋಡಿದರೇ ಗೊತ್ತಾಗುತ್ತಿತ್ತು.

ನಾನು ದಾರ ಎಳೆದು ನೋಡಿದೆ. ತುದಿಯಲ್ಲಿ ಕೊಕ್ಕೆಯೇ ಇಲ್ಲ! ಅಂಗಿಯ ಒಂದು ಗುಂಡಿ ಕಟ್ಟಿತ್ತು.

"ಅಣ್ಣಾ, ಕೊಕ್ಕಿ ಎಲ್ಲೈತಿ?"

"ಕಿಸೇದಾಗ. ಕಾರಂಜ್ಯಾಗ ಮೀನ ಹಿಡ್ಯಾಕ ನನಗೇನು ಹುಚ್ಚ ಹಿಡದೈತೇನು?"

"ಗೊತ್ತಿತ್ತೇನು ನಿನಗ?"

"ಕಂಪನ್ಯಾಗ ಇಂಥಾ ಕಾರಂಜಿ ಮುಂದ ಕುಂತು ಜೀವಮಾನ ಬುತ್ತಿ ಉಂಡೇನಿ ತಂಗಿ. ಝರಿ ಅಂತ ಝರಿ! ಕ್ಲೋರಿನ್ ಹಾಕಿದ ಝರಿ!"

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನಿದ್ದಿಗಣ್ಣಾಗ ಗುಡ್ಡ ಹತ್ತತಿದ್ದಿ. ಆ ಲಾರಿಯವಗ ಹುಚ್ಚೇನೂ ಇರಲಿಲ್ಲ." ದಾರ ಸುತ್ತುತ್ತ ಮತ್ತೆ ಅಂದ: "ನಿನ್ನ ಗೊರಕಿ ಇಲ್ಲೀತನಾ ಕೇಳತೈತಿ. ಅದು ನಿಂತ ಕೂಡಲೇ ನಾ ಗುಂಡಿ ನೀರಿಗೆ ಒಗೀತೇನಿ. ನೀ ಬಂದು ನೋಡಬೇಕಲ್ಲ!"

ಕುರ್ಚಿ ಮಡಿಚಿದೆ.

ಮುಂದಿನ ಶನಿವಾರ, ಹಿಂದಿನ ರಾತ್ರಿ ಬೇಗ ಮಲಗಿ ಎದ್ದು, ಎರಡು ಲೋಟ ಚಹಾ ಕುಡಿದು ಗುಡ್ಡ ಹತ್ತಿಸಿದೆ. ಕಿವಿ ಗವ್ವೆಂದಾಗ ಅಣ್ಣ, "ಅಗಾ, ಗುಡ್ಡ ವಾಪಸ್ ತಂದಿಟ್ಟಾರ!" ಅಂದ. ಕೆರೆಯ ದಂಡೆಯಲ್ಲಿ ಕೂತು ಕಿಸೆಯಿಂದ ಕೊಕ್ಕೆ ತೆಗೆದು ಬೆರಳಲ್ಲೇ ತಡವಿ ಕಟ್ಟಿದ, ಉಂಡೆ ಸಿಕ್ಕಿಸಿದ. ಆದರೆ ಗಾಳ ಹಾಕಲಿಲ್ಲ. ಕೋಲು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ.

"ಹಾಕಲ್ಲ ಅಣ್ಣಾ?"

ಅವನು ಸ್ವೆಟರು ಬಿಚ್ಚಿ, ಸುತ್ತಿ, ಹುಲ್ಲಿನ ಮೇಲೆ ದಿಂಬಿನಂತೆ ಇಟ್ಟ. "ಮೊದಲು ನೀ ಮಲಕೋ. ಮೀನೇನು ಎಲ್ಲೂ ಹೋಗಂಗಿಲ್ಲ."

ಮಲಗಿದೆ. ಬಿಸಿಲು ಹಿತವಾಗಿತ್ತು, ನಿದ್ದೆ ಮಾತ್ರ ಹತ್ತಿರವೂ ಸುಳಿಯಲಿಲ್ಲ. ಅಣ್ಣ ಕಿವಿಯನ್ನು ನನ್ನ ಕಡೆ ಹೊರಳಿಸಿ ಕಾಯುತ್ತಿದ್ದ. ಇನ್ನೇನು ಮಾಡಲಿ? ಅವನಿಗೆ ಮತ್ತೊಂದು ಮೋಸ ಮಾಡಿದೆ. ಕಣ್ಣು ಮುಚ್ಚಿಕೊಂಡು, ಮೆಲ್ಲಗೆ, ಗೊರಕೆ ಹೊಡೆದೆ.

ಗುಳುಂ ಎಂದು ಗಾಳ ನೀರಿಗೆ ಬಿದ್ದ ಸಪ್ಪಳ ಕೇಳಿತು.