ಹಂಡೆಯೊಳಗಿನ ಇಪ್ಪತ್ತು ದಿನ

ದಿನಚರಿ ಬರೆಯುವವರು ಬಹಳ ಎಚ್ಚರದ ಮನುಷ್ಯರು ಎಂದು ಜನ ನಂಬುತ್ತಾರೆ. ಮೊನ್ನೆ ಮೊನ್ನೆಯವರೆಗೆ ನಾನೂ ನಂಬಿದ್ದೆ. ಹಾಲಿನವನು ಎಷ್ಟು ಹೊತ್ತಿಗೆ ಬಂದ, ಮನೆಯಿಂದ ಗಾಂಧಿ ಬಜಾರಿಗೆ ಎಷ್ಟು ಹೆಜ್ಜೆ, ಸೋದರಮಾವ ತಮ್ಮ ರೈಲು ತಪ್ಪಿದ ಕಥೆಯನ್ನು ಎಷ್ಟನೆಯ ಸಲ ಹೇಳಿದರು (ಹನ್ನೊಂದು), ಎಲ್ಲಕ್ಕೂ ನನ್ನಲ್ಲಿ ಲೆಕ್ಕವಿದೆ. ಇಷ್ಟೆಲ್ಲ ಬರೆದಿಟ್ಟವನು ಕೊನೆಗೆ ಮೋಸಹೋದದ್ದು ನಮ್ಮ ಮನೆಯ ಬಚ್ಚಲಿನಲ್ಲಿ, ಕಣ್ಣಿಗೆ ಕಾಣದ ಜೀವಿಗಳ ದೆಸೆಯಿಂದ.

ನಾನು ಎಂ.ಎಸ್ಸಿ.ಯಲ್ಲಿ ಓದುತ್ತಿರುವುದು ಸೂಕ್ಷ್ಮಜೀವಿಗಳ ವಿಷಯ. ಬಿಸಿನೀರಿನ ಚಿಲುಮೆಗಳಲ್ಲಿ ಹಾಯಾಗಿ ಬದುಕುವ ಬ್ಯಾಕ್ಟೀರಿಯಾಗಳಿವೆ. ನಾವು ಕೈಯಿಟ್ಟರೆ ಬೊಬ್ಬೆ ಬರುವ ನೀರು ಅವಕ್ಕೆ ತೊಟ್ಟಿಲು. ನೀರು ಆರಿತೋ, ಬೆಳೆಯುವುದನ್ನು ನಿಲ್ಲಿಸಿ ಮುನಿಸಿಕೊಂಡು ಕೂರುತ್ತವೆ. ಪ್ರಾಜೆಕ್ಟಿಗೆ ಅವನ್ನೇ ಆರಿಸಿಕೊಂಡೆ. ಬಸವನಗುಡಿಯಲ್ಲಿ ಬಿಸಿನೀರಿನ ಚಿಲುಮೆ ಇಲ್ಲವೆಂಬುದು ಆಮೇಲೆ ಹೊಳೆಯಿತು. ಚಿಲುಮೆಯೇ ಆಗಬೇಕೆಂದಿಲ್ಲ, ನೀರು ಸದಾ ಬಿಸಿಯಾಗಿರುವ ಪಾತ್ರೆಯ ಒಳಮೈಗೂ ಅವು ಅಂಟಿಕೊಳ್ಳುತ್ತವೆ ಎಂದು ಮೇಷ್ಟ್ರು ಸಮಾಧಾನ ಹೇಳಿದರು. ತಿಂಗಳ ಕೊನೆಯೊಳಗೆ ಸ್ಯಾಂಪಲ್ ತರದಿದ್ದರೆ ಮಾತ್ರ ವಿಷಯ ಬದಲಾಯಿಸಿ ಮೊಸರಿನ ಮೇಲೆ ಮಾಡು ಎಂದರು. ತರಗತಿಯಲ್ಲಿ ಆಗಲೇ ನಾಲ್ಕು ಜನ ಮೊಸರಿನವರಿದ್ದರು. ಅವರನ್ನು ನಾನು ಗೇಲಿ ಮಾಡಿದ್ದು ಒಟ್ಟು ಒಂಬತ್ತು ಸಲ.

ನಮ್ಮ ಬಚ್ಚಲಿನಲ್ಲಿ ಒಲೆಯ ಮೇಲೆ ಕೂರಿಸಿದ ದೊಡ್ಡ ತಾಮ್ರದ ಹಂಡೆಯಿದೆ. ಒಲೆಗೆ ಮರದ ಹೊಟ್ಟು ತುಂಬಿ ಹಚ್ಚಿದರೆ ಗಂಟೆಗಟ್ಟಲೆ ಕಾವು ನಿಲ್ಲುತ್ತದೆ. ಇಪ್ಪತ್ತೊಂದು ದಿನ ನೀರು ಅರವತ್ತು ಡಿಗ್ರಿಗಿಂತ ಕೆಳಗಿಳಿಯಬಾರದು, ಹಂಡೆಯನ್ನು ಯಾರೂ ಉಜ್ಜಬಾರದು ಎಂದು ವೇಳಾಪಟ್ಟಿ ಹಾಕಿದೆ. ಬ್ಯಾಕ್ಟೀರಿಯಾ ಎಂದಿದ್ದರೆ ಅಮ್ಮ ಆ ನೀರನ್ನು ಮೈಗೆ ತಾಕಿಸಿಕೊಳ್ಳುತ್ತಿರಲಿಲ್ಲ; ಅದಕ್ಕೆ ಕಾಲೇಜಿನ ಪ್ರಯೋಗ, ಹಂಡೆ ಉಜ್ಜಬೇಡ ಎಂದಷ್ಟೇ ಹೇಳಿದೆ. ಅಮ್ಮ ಒಗ್ಗರಣೆಯಿಂದ ಕಣ್ಣು ತೆಗೆಯದೆ, "ಹಬ್ಬದ ತನಕ ನಾನದನ್ನ ಮುಟ್ಟಲ್ಲ, ಹೋಗೋ" ಎಂದಳು. ದಿನಚರಿಯಲ್ಲಿ ಬರೆದೆ: ಅಮ್ಮನ ಒಪ್ಪಿಗೆ ಸಿಕ್ಕಿತು.

ಆಮೇಲೆ ಶುರುವಾಯಿತು ಜನರ ಒಳ್ಳೆಯತನದ ಕಾಟ. ನಮ್ಮಲ್ಲಿ ಹಂಡೆಯಿಂದ ಒಂದು ಬಕೆಟ್ ಬಿಸಿನೀರು ತೆಗೆದವರು ಒಂದು ಬಕೆಟ್ ತಣ್ಣೀರು ಸುರಿದೇ ಹೊರಗೆ ಬರಬೇಕು. ಮುಂದಿನವರಿಗೆ ನೀರಿಲ್ಲದಂತೆ ಮಾಡಿದವರನ್ನು ಮನೆಯಲ್ಲಿ ಮನುಷ್ಯರ ಸಾಲಿಗೆ ಸೇರಿಸುವುದಿಲ್ಲ. ನಾನು ಥರ್ಮಾಮೀಟರ್ ಹಿಡಿದು ಬಚ್ಚಲ ಬಾಗಿಲಲ್ಲಿ ಕೂತೆ. ಅಪ್ಪನ ಸ್ನಾನಕ್ಕೆ ಒಂಬತ್ತು ಡಿಗ್ರಿ ಇಳಿಯಿತು, ತಂಗಿ ತಲೆಗೆ ಎರೆದುಕೊಂಡ ದಿನ ಹದಿನಾಲ್ಕು. ತಣ್ಣೀರು ಸುರಿಯಬೇಡಿ ಎಂದು ಚೀಟಿ ಅಂಟಿಸಿದರೆ ಹಬೆಗೆ ಉದುರಿ ಹಂಡೆಯೊಳಕ್ಕೇ ಬಿತ್ತು. ಅಷ್ಟರಲ್ಲಿ ನಮ್ಮಲ್ಲಿ ಇಡೀ ದಿನ ಬಿಸಿನೀರಿರುವ ಸುದ್ದಿ ಪಕ್ಕದ ಮನೆಯ ಶ್ಯಾಮಣ್ಣನವರಿಗೆ ಮುಟ್ಟಿತು. ಬೆನ್ನುನೋವಿನ ನೆಪ ಹೇಳಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದೇಬಿಟ್ಟರು. ಸ್ನಾನ ಮುಗಿಸಿ ಹೊರಬಂದು, "ಒಂದು ಬಕೆಟ್ ತಗೊಂಡು ಎರಡು ಹಾಕಿದೀನಪ್ಪ, ನಮ್ಮಿಂದ ನಿಮಗೆ ತೊಂದ್ರೆ ಆಗ್ಬಾರ್ದು ನೋಡು" ಎಂದರು. ಥರ್ಮಾಮೀಟರ್ ನಲವತ್ತಮೂರು ತೋರಿಸುತ್ತಿತ್ತು. ಅವರು ಹೀಗೆ ಉಪಕಾರ ಮಾಡಿದ್ದು ಏಳು ಸಲ. ನಾನು ಮತ್ತೆ ಹೊಟ್ಟು ತುಂಬಿ, ಹೊಗೆ ಕುಡಿದು ಕೆಮ್ಮಿದ್ದೂ ಏಳು ಸಲ.

ಅಷ್ಟಾದರೂ ಹದಿನೆಂಟನೆಯ ದಿನ ಹಂಡೆಯ ಕಂಠದ ಒಳಗೆ ಬೆರಳಾಡಿಸಿದರೆ, ಕಟ್ಟಿದ ಸುಣ್ಣದ ಮೇಲೆ ಜಾರುವ ತೆಳು ಪದರ ಸಿಕ್ಕಿತು. ಆಗಲೇ ಕೆರೆದು ಶೀಶೆಗೆ ತುಂಬಿಕೊಂಡಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ವೇಳಾಪಟ್ಟಿಯಲ್ಲಿ ಇಪ್ಪತ್ತೊಂದು ಎಂದಿತ್ತಲ್ಲ!

ಇಪ್ಪತ್ತನೆಯ ದಿನ ಅಮ್ಮ ಹುಣಸೆಹಣ್ಣು, ಹಾಗಲ ಬಳ್ಳಿ ತರಲು ಗಾಂಧಿ ಬಜಾರಿಗೆ ಕಳಿಸಿದಳು. ಹುಣಸೆಹಣ್ಣು ತಂದುಕೊಟ್ಟೆ, ಬಳ್ಳಿ ಮರೆತಿದ್ದೆ, ಮತ್ತೆ ಹೋದೆ. ಐದನೆಯ ಅಂಗಡಿಯಲ್ಲಿ ಸಿಕ್ಕಿತು, ಗುರುತು ಹಾಕಿಕೊಂಡೆ. ಇದೆಲ್ಲ ಏತಕ್ಕೆಂದು ಕೇಳುವ ಅಂಕಣ ನನ್ನ ದಿನಚರಿಯಲ್ಲಿಲ್ಲ. ಮನೆಗೆ ಬಂದರೆ ಹಂಡೆ ಒಳಗೂ ಹೊರಗೂ ಥಳಥಳ ಹೊಳೆಯುತ್ತಿದೆ. ಅಮ್ಮ ಬೆವರೊರೆಸಿಕೊಳ್ಳುತ್ತ ಕೈ ಚಾಚಿದಳು.

"ಬಳ್ಳಿ ಕೊಡು, ಹಂಡೆ ಕುತ್ತಿಗೆಗೆ ಕಟ್ಬೇಕು. ಒಳಗೆಲ್ಲ ಏನೋ ಲೋಳೆ ಕಣೋ, ಉಜ್ಜಿ ಉಜ್ಜಿ ನನ್ನ ತೋಳು ಬಿದ್ದೋಯ್ತು."

"ಮುಟ್ಟಲ್ಲ ಅಂದಿದ್ಯಲ್ಲಮ್ಮ" ಎಂದೆ.

"ಹಬ್ಬದ ತನಕ ಅಂದಿದ್ದೆ. ಇವತ್ತು ನೀರು ತುಂಬೋ ಹಬ್ಬ ಅಲ್ವೇನೋ? ನಾಳೆ ಎಲ್ರಿಗೂ ಎಣ್ಣೆ ನೀರು. ನಿನ್ನ ಪುಸ್ತಕದಲ್ಲೇ ನೋಡ್ಕೋ ಹೋಗು."

ನೋಡಿದೆ. ಪ್ರತಿ ಜನವರಿಯಲ್ಲೂ ವರ್ಷದ ಹಬ್ಬಗಳನ್ನೆಲ್ಲ ದಿನಚರಿಗೆ ಕೆಂಪು ಶಾಯಿಯಲ್ಲಿ ಇಳಿಸಿಕೊಳ್ಳುವವನು ನಾನೇ. ಆ ಪುಟದ ತಲೆಯಲ್ಲಿ ನನ್ನದೇ ದುಂಡನೆಯ ಅಕ್ಷರ: ನೀರು ತುಂಬುವ ಹಬ್ಬ, ಹಂಡೆ ಉಜ್ಜುವುದು. ಅದರ ಕೆಳಗೆ ಅಂದು ಬೆಳಿಗ್ಗೆಯಷ್ಟೇ ನೀಲಿ ಶಾಯಿಯಲ್ಲಿ ಬರೆದಿದ್ದೆ: ಇಪ್ಪತ್ತನೆಯ ದಿನ, ಯಾವ ಅಡಚಣೆಯೂ ಇಲ್ಲ.

ಈಗ ತರಗತಿಯಲ್ಲಿ ಮೊಸರಿನವರು ಐದು ಜನ. ಮೊದಲಿನ ನಾಲ್ವರು ಇದುವರೆಗೆ ನನ್ನನ್ನು ಗೇಲಿ ಮಾಡಿದ್ದು ಏಳು ಸಲ. ಇನ್ನು ಎರಡು ಬಾಕಿ.