ಹೋಬರ್ಟನ ಒಂದೇ ಒಂದು ಪಿಸ್ತೂಲು

ಎಲ್ಲಕ್ಕೂ ಮೂಲ ಪಾತ್ರೆ ಒರೆಸುವ ಒಂದು ಬಟ್ಟೆ. ಈಸ್ಟರ್ ಹಬ್ಬದ ದಿನ ಹೋಬರ್ಟ್ ವಿಕ್ಲೈನ್ ಊಟದ ಮೇಜಿನ ಮೇಲೆ ಹಾಲು ಚೆಲ್ಲಿದ. ನಾಲ್ಕು ತುಂಬದ ಮೊಮ್ಮಗಳು ಮೇಸಿ ತಾತನಿಗೆ ನೆರವಾಗಲೆಂದು ಓಡಿಹೋಗಿ ಅಡಿಗೆಮನೆಯ ಡ್ರಾಯರನ್ನು ಎರಡೂ ಕೈಯಿಂದ ಜಗ್ಗಿದಳು. ಆ ಡ್ರಾಯರು ಬಲು ಬಿಗಿ. ತೆರೆಯುವಾಗ ಹಂದಿಮರಿಯಂತೆ ಕಿರುಚುತ್ತದೆ, ಮುಚ್ಚುವಾಗ ಸಂಧಿವಾತದ ಮುದುಕನಂತೆ ನರಳುತ್ತದೆ. ಒರೆಸುವ ಬಟ್ಟೆಗಳ ಅಡಿಯಲ್ಲಿ ಅವಳ ಕೈಗೆ ತಾತನ ಪಿಸ್ತೂಲು ಸಿಕ್ಕಿತು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು:

“ತಾತಾ, ಇದಕ್ಕೆ ನೀರು ಎಲ್ಲಿಂದ ತುಂಬೋದು?”

ಪಿಸ್ತೂಲಿನಲ್ಲಿ ಗುಂಡುಗಳಿದ್ದವು.

ಮಗಳು ಟ್ರೀನಾ ಕೂಗಾಡಲಿಲ್ಲ. ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಮಗುವನ್ನು ಎತ್ತಿಕೊಂಡಳು, ಕಾರು ಹತ್ತಿ ಹೋದಳು. ಕೂಗಾಡಿದ್ದರೆ ಸಮಾಧಾನ ಮಾಡುವ ದಾರಿಯಾದರೂ ಇರುತ್ತಿತ್ತು. ಹೋಬರ್ಟನ ಹೆಂಡತಿ ಸತ್ತ ಮೇಲೆ ಆ ಮನೆಗೆ ಬರುತ್ತಿದ್ದ ನಗು ಮೇಸಿಯದೊಂದೇ ಆಗಿತ್ತು, ಅದೂ ನಿಂತಿತು.

ನವೆಂಬರಿನಲ್ಲಿ ಮೇಸಿಯ ಹುಟ್ಟುಹಬ್ಬ ಬಂತು. ಹಿಂದಿನ ದಿನ ಟ್ರೀನಾ ಫೋನು ಮಾಡಿದಳು. “ಡ್ಯಾಡಿ, ಇವಳಿಗೆ ನಿಮ್ಮನೇಲೇ ಕೇಕ್ ಕತ್ತರಿಸ್ಬೇಕಂತೆ. ನಾಳೆ ಸಂಜೆ ಬರ್ತೀವಿ. ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳ್ತೀನಿ, ಮನೇಲಿ ಗನ್ನು ಇದೆಯೋ ಇಲ್ವೋ ಅಂತ. ಇದ್ರೆ ಅಂಗಳದಿಂದಲೇ ವಾಪಸ್ಸು. ಆಮೇಲೆ ಇನ್ನೊಂದು ಸಲ ಕೇಳೋದಕ್ಕೆ ಬರಲ್ಲ.”

“ಇರಲ್ಲ ಮಗಳೇ,” ಎಂದ ಹೋಬರ್ಟ್.

ಒಂದರಲ್ಲಿ ಒಂದು ಕಳೆದರೆ ಸೊನ್ನೆ. ಇದಕ್ಕಿಂತ ಸುಲಭವಾದ ಲೆಕ್ಕ ಪ್ರಪಂಚದಲ್ಲಿಲ್ಲವೆಂದು ಅವನು ಭಾವಿಸಿದ. ಆದರೆ ಅವನಿದ್ದದ್ದು ಅಮೆರಿಕದ ವೆಸ್ಟ್ ವರ್ಜೀನಿಯಾದ ಸ್ಪ್ರೂಸ್ ಲಿಕ್ ಎಂಬ ಊರಿನಲ್ಲಿ.

ಮರುದಿನ ಬೆಳಿಗ್ಗೆ ಗುಂಡುಗಳನ್ನು ತೆಗೆದು, ಪಿಸ್ತೂಲನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಕಂಕುಳಲ್ಲಿ ಒತ್ತಿಕೊಂಡು ಅವನು ಹೊರಟ. ಪಕ್ಕದ ಮನೆಯ ಡೆಲ್ಫಿಯಾ ಜಗಲಿಯಲ್ಲಿ ಎಲೆ ಗುಡಿಸುತ್ತಿದ್ದಳು. ಅವಳು ವಿಧವೆ, ತನ್ನ ಮನೆಯಲ್ಲಿ ನೋಡುವುದಕ್ಕೆ ಏನೂ ಉಳಿಯದ ಕಾರಣ ಊರಿನವರ ಮನೆಗಳನ್ನು ನೋಡುತ್ತಿದ್ದಳು.

“ಏನದು ಹೋಬರ್ಟ್, ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡಿದೀಯ?”

“ಏನಿಲ್ಲ. ಪೊಲೀಸ್ ಠಾಣೆಗೆ ಹೋಗಿ ಬರ್ತೀನಿ.”

“ಪೊಲೀಸಿಗೆ ಬಿಸ್ಕತ್ತಾ? ಇರು, ನಾನೂ ಬಂದೆ.” ಪೊರಕೆಯನ್ನು ಗೋಡೆಗೆ ಒರಗಿಸಿ ಬಂದೇಬಿಟ್ಟಳು.

ಠಾಣೆಯೆಂದರೆ ರಾಯ್ಸ್, ರಾಯ್ಸ್ ಎಂದರೆ ಠಾಣೆ. ಊರಿಗೆ ಅವನೊಬ್ಬನೇ ಪೊಲೀಸು. ಡಬ್ಬಿಯ ಮುಚ್ಚಳ ತೆಗೆದು ನೋಡಿ, “ಯಾರನ್ನ ಹೊಡೆದೆ?” ಎಂದ.

“ಯಾರನ್ನೂ ಇಲ್ಲ. ಇದು ನನಗೆ ಬೇಡ, ನೀನು ಇಟ್ಕೋ.”

“ಯಾರನ್ನಾದ್ರೂ ಹೊಡೆದಿದ್ರೆ ಸಾಕ್ಷಿ ಅಂತ ಬೀರುವಿನಲ್ಲಿ ಇಡಬಹುದಿತ್ತು. ಸುಮ್ನೆ ಬೇಡ ಅಂದ್ರೆ ಅದಕ್ಕೆ ನನ್ನ ಹತ್ರ ಜಾಗ ಇಲ್ಲ.” ರಾಯ್ಸ್ ಮುಚ್ಚಳ ಮುಚ್ಚಿದ. “ಅದಿರಲಿ, ರಾತ್ರಿ ಕಳ್ಳ ಬಂದ್ರೆ ಏನು ಮಾಡ್ತೀಯ?”

“ನಿನ್ನನ್ನ ಕರೀತೀನಿ.”

ರಾಯ್ಸ್ ಅವನನ್ನು ಬಹಳ ಕನಿಕರದಿಂದ ನೋಡಿದ. “ಹೋಬರ್ಟ್, ನಾನು ಆ ಗುಡ್ಡ ಬಳಸಿ ಬರೋ ಹೊತ್ತಿಗೆ ಕಳ್ಳ ನಿನ್ನ ಮನೇಲಿ ಊಟ ಮಾಡಿ, ಪಾತ್ರೆ ತೊಳೆದಿಟ್ಟು ಹೋಗಿರ್ತಾನೆ. ನಿಮ್ಮೆಲ್ಲರ ಮನೇಲೂ ಗನ್ನಿದೆ ಅನ್ನೋ ಧೈರ್ಯದ ಮೇಲೇನೇ ನಾನು ಮಲಗಿ ನಿದ್ದೆ ಮಾಡೋದು.”

“ಅಯ್ಯೋ, ಇಷ್ಟಕ್ಕೆ ಯಾಕೆ ಒದ್ದಾಡ್ತೀಯ?” ಎಂದಳು ಡೆಲ್ಫಿಯಾ. “ಇವತ್ತು ಅಗ್ನಿಶಾಮಕ ದಳದವರ ಲಾಟರಿ. ಅವರಿಗೆ ಕೊಡು. ಪುಣ್ಯವಾದ್ರೂ ಬರುತ್ತೆ.”

ದಳದವರು ನೀರಿನ ಕೊಳವೆ ಕೊಳ್ಳಬೇಕಾದಾಗಲೆಲ್ಲ ಲಾಟರಿ ಎತ್ತುತ್ತಿದ್ದರು. ಬಹುಮಾನಗಳೆಲ್ಲ ಬಂದೂಕುಗಳೇ. ಸಭಾಂಗಣದ ಉದ್ದಕ್ಕೂ ಮೇಜುಗಳ ಮೇಲೆ ಅವುಗಳನ್ನು ಮದುವೆಮನೆಯ ಬೆಳ್ಳಿ ಪಾತ್ರೆಗಳಂತೆ ಜೋಡಿಸಿದ್ದರು. ಹಿಂದಿನ ವರ್ಷ ಮೊದಲ ಬಹುಮಾನ ಗೆದ್ದವನು ಕ್ಷೌರಿಕ ವೆಂಡೆಲ್‌ನ ತಮ್ಮ. ಅವನು ಈ ವರ್ಷ ಇರಲಿಲ್ಲ. ಗೆದ್ದ ಬಂದೂಕು ಇತ್ತು, ಅವನಿರಲಿಲ್ಲ. ಅದರ ಮಾತನ್ನು ಊರಿನಲ್ಲಿ ಯಾರೂ ಎತ್ತುತ್ತಿರಲಿಲ್ಲ.

ದಳದ ಮುಖ್ಯಸ್ಥ ಓಕಿ ದೊಡ್ಡ ಹೊಟ್ಟೆಯ, ದೊಡ್ಡ ಗಂಟಲಿನ ಮನುಷ್ಯ. ಡಬ್ಬಿ ತೆರೆದವನೇ ಹೋಬರ್ಟನನ್ನು ಎದೆಗೆ ಅವಚಿಕೊಂಡ. “ದಾನಕ್ಕಾ? ಭೇಷ್! ಮನೇಲಿ ಉಳಿದವು ಎಷ್ಟು?”

“ಉಳಿದದ್ದು ಏನೂ ಇಲ್ಲ. ಇದ್ದದ್ದು ಇದೊಂದೇ.”

ಓಕಿಯ ಮುಖದ ಬಣ್ಣ ಬದಲಾಯಿತು. ಧ್ವನಿವರ್ಧಕವನ್ನು ಕೈಗೆತ್ತಿಕೊಂಡ. “ಎಲ್ಲರೂ ಸ್ವಲ್ಪ ಕೇಳಿ! ನಮ್ಮ ಹೋಬರ್ಟ್ ವಿಕ್ಲೈನ್ ತನ್ನ ಹತ್ತಿರ ಇದ್ದ ಒಂದೇ ಒಂದು ಗನ್ನನ್ನ ದಳಕ್ಕೆ ಕೊಟ್ಟಿದಾನೆ! ಒಂದೇ ಒಂದು!”

ಆ ‘ಒಂದೇ ಒಂದು’ ಎಂಬ ಮಾತು ಸಭಾಂಗಣದಲ್ಲಿ ಸಾವಿನ ಸುದ್ದಿಯಂತೆ ಹರಡಿತು. ಗದ್ದಲ ನಿಂತಿತು. ಯಾರೋ ಒಬ್ಬ ತಲೆಯ ಮೇಲಿನ ಟೋಪಿ ತೆಗೆದ. ನೋಡನೋಡುತ್ತ ಎಲ್ಲರೂ ತೆಗೆದರು. ಇಗರ್ಜಿಯಲ್ಲಿ ಪಿಯಾನೊ ನುಡಿಸುವ ಹೆಂಗಸು ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡಳು. ಮನೆ ಸುಟ್ಟು ಬೀದಿಗೆ ಬಿದ್ದವನನ್ನು ನೋಡುವ ಹಾಗೆ ಊರು ಅವನನ್ನು ನೋಡಿತು.

ದಾನಿಗೆ ಒಂದು ಚೀಟಿ ಉಚಿತವೆಂದು ಓಕಿ ಅವನ ಜೇಬಿಗೆ ತುರುಕಿದ. ಹೋಬರ್ಟ್ ದಡ್ಡನಲ್ಲ. ಗೆಲ್ಲುವ ಸಂಭವವನ್ನು ಸೊನ್ನೆಗಿಳಿಸಲು ಚೀಟಿಯನ್ನು ತೆಗೆದು ಡೆಲ್ಫಿಯಾಳ ಕೈಗಿಟ್ಟು, ಬರಿಗೈಯಲ್ಲಿ ಮನೆಗೆ ಹೊರಟ. ಎಷ್ಟೋ ತಿಂಗಳ ಮೇಲೆ ಅವನ ಬಾಯಿಂದ ಸಿಳ್ಳೆ ಹೊರಟಿತು.

ಸ್ಪ್ರೂಸ್ ಲಿಕ್‌ನಲ್ಲಿ ನೆರವಿಗೊಂದು ಕಟ್ಟಳೆಯಿದೆ. ಕೊಡುವವನು ಕೊಡಲು ಬಂದಾಗ ಪಡೆಯುವವನು “ಬೇಡ” ಎನ್ನಬೇಕು, ಅದು ಮರ್ಯಾದೆ. ಕೊಡುವವನು ಅದನ್ನು ಕಿವಿಗೆ ಹಾಕಿಕೊಳ್ಳದೆ, ತಂದದ್ದನ್ನು ಮನೆಯಲ್ಲೆಲ್ಲೋ ಕಾಣದಂತೆ ಇಟ್ಟುಹೋಗಬೇಕು. ಅದು ಇನ್ನೂ ದೊಡ್ಡ ಮರ್ಯಾದೆ. ಹೋಬರ್ಟನ ಹೆಂಡತಿ ಸತ್ತಾಗ ಸ್ನಾನದ ತೊಟ್ಟಿಯಲ್ಲಿ ಒಂದು ಮೂಟೆ ಆಲೂಗಡ್ಡೆ, ಅಂಚೆಪೆಟ್ಟಿಗೆಯಲ್ಲಿ ಹಂದಿಮಾಂಸ ಸಿಕ್ಕಿದ್ದವು. ಹಾಸಿಗೆಯಡಿಯ ಚೀಸನ್ನು ಕಂಡುಹಿಡಿದದ್ದು, ಬಹಳ ದಿನಗಳಾದ ಮೇಲೆ, ಅವನ ಮೂಗು. ಡೆಲ್ಫಿಯಾಳ ಗಂಡ ಸತ್ತಾಗ ಇವನೂ ಅವಳ ಮೆಟ್ಟಿಲ ಕೆಳಗೆ ಕಲ್ಲಿದ್ದಲ ಚೀಲ ಅಡಗಿಸಿ ಬಂದಿದ್ದ.

ಮಧ್ಯಾಹ್ನ ಮೊದಲು ಬಂದವಳು ಪಿಯಾನೊದ ಹೆಂಗಸು. ಒಂದು ಕೈಯಲ್ಲಿ ಮುಚ್ಚಿದ ಪಾತ್ರೆಯಲ್ಲಿ ಬಿಸಿ ಮ್ಯಾಕರೋನಿ, ಇನ್ನೊಂದರಲ್ಲಿ ಕಂಬಳಿ ಸುತ್ತಿದ ಉದ್ದನೆಯ ವಸ್ತು.

“ತಿಂಡಿ ಕೊಡಿ ಅಕ್ಕಾ. ಅದು ಬೇಡ,” ಎಂದ ಹೋಬರ್ಟ್.

“ಗೊತ್ತಪ್ಪಾ, ಗೊತ್ತು,” ಎಂದು ಅವಳು ಅವನ ಕೆನ್ನೆ ತಟ್ಟಿ, ಕೈ ತೊಳೆಯುತ್ತೇನೆಂದು ಒಳಗೆ ಹೋದಳು. ಬರುವಾಗ ಕಂಬಳಿ ಮಾತ್ರ ಕೈಯಲ್ಲಿತ್ತು.

ಹೋಬರ್ಟ್ ಒಳಗೆ ಓಡಿದ. ಹುಡುಕಿ ಹುಡುಕಿ ಬಚ್ಚಲುಮನೆಯ ಪರದೆಯ ಹಿಂದೆ ಆ ಬಂದೂಕನ್ನು ಹಿಡಿದು, ಅಂಗಳದಲ್ಲಿದ್ದ ತನ್ನ ವ್ಯಾನಿನಲ್ಲಿ ಹಾಕಿ ಬೀಗ ಜಡಿದು ತಿರುಗುವಷ್ಟರಲ್ಲಿ ಮುಂಬಾಗಿಲಲ್ಲಿ ಮೂವರು, ಹಿಂಬಾಗಿಲಲ್ಲಿ ಇಬ್ಬರು ನಿಂತಿದ್ದರು.

“ಬೇಡ!” ಎಂದು ಅವನು ಕೂಗಿದ. “ದೇವರಾಣೆಗೂ ಬೇಡ!”

“ಏನು ಸಂಸ್ಕಾರ ನೋಡಿ!” ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. “ಇವನ ತಂದೇನೂ ಹೀಗೇ ಇದ್ದ.”

ಅವನು ಬೇಡವೆಂದಷ್ಟೂ ಊರಿಗೆ ಅವನ ಮೇಲೆ ಗೌರವ ಹೆಚ್ಚಿತು. ಒಬ್ಬರು ಅವನನ್ನು ಮಾತಿಗೆಳೆದರೆ ಇನ್ನೊಬ್ಬರು ಕೋಣೆಗೆ ನುಗ್ಗುತ್ತಿದ್ದರು. ಬೀನ್ಸಿನ ಪಾತ್ರೆ ಮೇಜಿಗೆ ಬಂದಾಗಲೆಲ್ಲ ಒಳಗೆ ಎಲ್ಲೋ ಒಂದು ಕದ ಮೆಲ್ಲನೆ ಮುಚ್ಚಿದ ಸದ್ದು ಕೇಳುತ್ತಿತ್ತು. ಹೋಬರ್ಟ್ ಹಿಟ್ಟಿನ ಡಬ್ಬಿಯಿಂದ ಒಂದನ್ನು, ಗಡಿಯಾರದ ಹಿಂದಿನಿಂದ ಒಂದನ್ನು ಹೊರಗೆಳೆದ. ವ್ಯಾನಿಗೆ ಸಾಗಿಸಿ ಬರುವಷ್ಟರಲ್ಲಿ ಮತ್ತೆ ಯಾರೋ ಒಳಹೊಕ್ಕು ಹೊರಬಂದಿರುತ್ತಿದ್ದರು. ಕೊನೆಗೆ ರಾಯ್ಸ್ ಕೂಡ, ಟೋಪಿ ಕೈಯಲ್ಲಿ ಹಿಡಿದು, ಉಗ್ರಾಣದಿಂದ ಹೊರಬರುತ್ತಿದ್ದ.

“ನೀನೂನಾ?”

“ಪೊಲೀಸಾಗಿ ಅಲ್ಲ,” ಎಂದ ರಾಯ್ಸ್. “ನೆರೆಯವನಾಗಿ.”

ಕ್ಷೌರಿಕ ವೆಂಡೆಲ್ ಮಾತ್ರ ಏನನ್ನೂ ಅಡಗಿಸಲಿಲ್ಲ. ಬಾಗಿಲಲ್ಲಿ ನಿಂತು ಒಂದು ಬಂದೂಕನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದ. ಅದು ಹೊಚ್ಚಹೊಸದರಂತಿತ್ತು.

“ತಮ್ಮಂದು,” ಎಂದ. “ಒಂದೇ ಸಲ ಬಳಸಿದ್ದು.”

ಆ ದಿನ ಹೋಬರ್ಟನಿಗೆ ಬೇಡವೆನ್ನಲು ಬಾಯಿ ಬರದಿದ್ದದ್ದು ಅದೊಂದು ಸಲ. ಅವನು ಅದನ್ನು ತೆಗೆದುಕೊಂಡ. ವೆಂಡೆಲ್ ಖಾಲಿಯಾದ ಕೈಗಳನ್ನು ಸ್ವಲ್ಪ ಹೊತ್ತು ನೋಡಿಕೊಂಡು, ಭಾರ ಇಳಿಸಿದ ಹಮಾಲನಂತೆ ಭುಜ ಕೊಡವಿ, ತಿರುಗಿ ನೋಡದೆ ಹೋದ.

ಸಂಜೆ ಲಾಟರಿ ಎತ್ತುವ ಹೊತ್ತಾಯಿತೆಂದು ಊರು ಸಭಾಂಗಣಕ್ಕೆ ಹೊರಟಿತು. ಡೆಲ್ಫಿಯಾ ಬೇಲಿಯಾಚೆಯಿಂದ ಕೂಗಿದಳು, “ನೋಡಿದ್ಯಾ ಹೋಬರ್ಟ್, ಊರು ಅಂದ್ರೆ ಹೀಗಿರಬೇಕು!”

“ಡೆಲ್ಫಿಯಾ, ಒಟ್ಟು ಎಷ್ಟು ಜನ ಇಟ್ಟು ಹೋದ್ರು? ಎಲ್ಲೆಲ್ಲಿ?”

“ಛೀ, ಜನ ಕೊಟ್ಟಿದ್ದನ್ನ ಎಣಿಸ್ತಾರಾ?”

ಹೋಬರ್ಟ್ ಒಳಗೆ ಬಂದು ನಡುಮನೆಯಲ್ಲಿ ನಿಂತ. ಸೋಫಾದ ಮೆತ್ತೆಗಳನ್ನು ಎತ್ತಿದ, ಒಂದು ಸಿಕ್ಕಿತು. ಒಲೆಯೊಳಗೆ ಕೈಹಾಕಿದ; ಇನ್ನೊಂದು. ಹಾಗಾದರೆ ಇನ್ನೂ ಇವೆ. ಬೆಳಿಗ್ಗೆ ಮನೆಯಲ್ಲಿದ್ದದ್ದು ಒಂದು. ಅದು ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಈಗ ಎಷ್ಟಿವೆಯೆಂದು ಗೊತ್ತಿಲ್ಲ, ಎಲ್ಲಿವೆಯೆಂದೂ ಗೊತ್ತಿಲ್ಲ, ಯಾವುದರಲ್ಲಿ ಗುಂಡಿದೆಯೆಂದಂತೂ ಗೊತ್ತೇ ಇಲ್ಲ. ಮಗುವಿನ ಎತ್ತರಕ್ಕೆ ಬಗ್ಗಿ ಸುತ್ತ ನೋಡಿದ. ಎಳೆಯಬಹುದಾದ ಹಿಡಿಕೆ, ತೂರಬಹುದಾದ ಸಂದು, ಇಣುಕಬಹುದಾದ ಮೂಲೆ. ಮೂವತ್ತು ವರ್ಷ ಬದುಕಿದ ಸ್ವಂತ ಮನೆ ಅವನಿಗೆ ಮೊದಲ ಬಾರಿಗೆ ಭಯ ಹುಟ್ಟಿಸಿತು.

ಅಂಗಳದಲ್ಲಿ ಕಾರು ನಿಂತಿತು.

ಹೋಬರ್ಟ್ ಹೊರಗೆ ಓಡಿಬಂದು ಬಾಗಿಲೆಳೆದುಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತ. ಟ್ರೀನಾ ಇಳಿದಳು. ಕಾರಿನ ಕಿಟಕಿಯಿಂದ ಮೇಸಿ, ತಲೆಯ ಮೇಲೆ ಕಾಗದದ ಕಿರೀಟ, “ತಾತಾ! ತಾತಾ!” ಎಂದು ಕೈಬೀಸಿದಳು.

“ಡ್ಯಾಡಿ, ಒಂದೇ ಮಾತು. ಇದೆಯೋ ಇಲ್ವೋ?”

“ನನ್ನದು ಇಲ್ಲ. ಕೊಟ್ಟುಬಿಟ್ಟೆ.”

ಟ್ರೀನಾಳ ಮುಖ ಅರಳಿತು. “ನಿಜವಾಗ್ಲೂ? ಹಾಗಾದ್ರೆ ಬಾಗಿಲು ಬಿಡಿ, ಹೊರಗೆ ಚಳಿ.”

ಹೋಬರ್ಟ್ ಬಾಗಿಲು ಬಿಡಲಿಲ್ಲ. ಸುಳ್ಳು ಹೇಳಿದರೆ ಮೊಮ್ಮಗಳು ಒಳಗೆ ಬರುತ್ತಾಳೆ. ಒಳಗೆ ಬಂದರೆ ಎಲ್ಲ ಡ್ರಾಯರುಗಳನ್ನೂ ಎಳೆಯುತ್ತಾಳೆ.

“ಒಳಗೆ ಬೇಡ ಮಗಳೇ. ನಾನು ಕೊಟ್ಟೆ ಅಂತಲೇ ಜನ... ಪಾಪ, ಒಳ್ಳೆ ಜನ... ತಂದು ಇಟ್ಟು ಹೋಗಿದಾರೆ. ಎಷ್ಟು, ಎಲ್ಲಿ, ಒಂದೂ ಗೊತ್ತಿಲ್ಲ. ನಾಳೆ ಪೂರ್ತಿ ಹುಡುಕ್ತೀನಿ. ಇವತ್ತು ಇಲ್ಲೇ ಮೆಟ್ಟಿಲ ಮೇಲೆ ಕೇಕ್ ಕತ್ತರಿಸೋಣ. ಆಗಲ್ವಾ?”

ಟ್ರೀನಾ ತಂದೆಯ ಮುಖವನ್ನು ದೀರ್ಘವಾಗಿ ನೋಡಿದಳು. ಅವನ ಎರಡೂ ಕೈಗಳು ಬಾಗಿಲ ಚೌಕಟ್ಟನ್ನು ಬಿಡದೆ ಹಿಡಿದಿದ್ದವು. ಅವಳು ನಂಬಿದಳು. “ಸರಿ ಡ್ಯಾಡಿ, ಮೆಟ್ಟಿಲ ಮೇಲೇ ಆಗಲಿ,” ಎಂದು ಮಗುವನ್ನು ಇಳಿಸಲು ಕಾರಿನ ಬಾಗಿಲಿಗೆ ಕೈಹಾಕಿದಳು.

ಆಗ ರಸ್ತೆಯಲ್ಲಿ ಡೆಲ್ಫಿಯಾ ಕಾಣಿಸಿಕೊಂಡಳು. ಏದುಸಿರು ಬಿಡುತ್ತ, ಬೆಳ್ಳಿಹಾಳೆ ಮುಚ್ಚಿದ ತಟ್ಟೆಯೊಂದನ್ನು ಎದೆಯ ಮಟ್ಟಕ್ಕೆ ಹಿಡಿದು, ಆನಂದದಿಂದ ಅಳುತ್ತ ಬರುತ್ತಿದ್ದಳು.

“ಕೇಕ್ ಬಂತು!” ಎಂದಳು ಮೇಸಿ.

“ಅದಕ್ಕಿಂತ ಒಳ್ಳೇದು ನನ್ ಚಿನ್ನಾ!” ಎಂದಳು ಡೆಲ್ಫಿಯಾ. “ಹೋಬರ್ಟ್, ನಿನ್ನ ಚೀಟಿಗೇ ಬಂತು ಕಣೋ! ನಿನ್ನ ಹಣೇಲಿ ಬರೆದಿದ್ದು ನನಗೆ ಯಾಕೆ?” ಎನ್ನುತ್ತ ಹಾಳೆ ಸರಿಸಿದಳು.

ಮೇಸಿ ಕಿಟಕಿಯಿಂದ ಕತ್ತು ಚಾಚಿ ನೋಡಿ, ಹಳೆಯ ಗೆಳೆಯನ ಗುರುತು ಹಿಡಿದವಳಂತೆ ಚಪ್ಪಾಳೆ ತಟ್ಟಿದಳು. “ಹೇ, ತಾತನ ನೀರಿನ ಗನ್ನು!”

ಟ್ರೀನಾ ಈ ಸಲವೂ ಕೂಗಾಡಲಿಲ್ಲ. ಕಿಟಕಿಯ ಗಾಜು ಮೇಲೇರಿತು. ಕಾರು ಹಿಂದೆ ಸರಿಯಿತು, ತಿರುಗಿತು, ಗುಡ್ಡದ ತಿರುವಿನಲ್ಲಿ ಮರೆಯಾಯಿತು. ಕಾಗದದ ಕಿರೀಟ ಬಹಳ ದೂರದವರೆಗೆ ಹಿಂದಿನ ಗಾಜಿನಲ್ಲಿ ಕಾಣುತ್ತಿತ್ತು.

“ಅಯ್ಯೋ, ಒಂದು ಗಳಿಗೆ ನಿಲ್ಲಲೂ ಇಲ್ವಲ್ಲ,” ಎಂದಳು ಡೆಲ್ಫಿಯಾ. “ಈಗಿನ ಮಕ್ಕಳಿಗೆ ಎಲ್ಲದಕ್ಕೂ ಅವಸರ. ತಗೋ ಹೋಬರ್ಟ್.”

“ಬೇಡ ಡೆಲ್ಫಿಯಾ,” ಎಂದ ಹೋಬರ್ಟ್.

ಡೆಲ್ಫಿಯಾ ಅರ್ಥವಾದವಳಂತೆ ತಲೆದೂಗಿದಳು. ಇಂಥ ಸಂಕೋಚದ ಮನುಷ್ಯ ಊರಿಗೆ ಇನ್ನೊಬ್ಬನಿಲ್ಲವೆಂಬಂತೆ ಅವನ ತೋಳು ತಟ್ಟಿ, ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ಹೋಬರ್ಟ್ ಮೆಟ್ಟಿಲ ಮೇಲೆ ಕುಳಿತ. ಒಳಗೆ ಹೆಜ್ಜೆಗಳು ಅಡಿಗೆಮನೆಯ ಕಡೆ ನಡೆದವು. ಏನೋ ಹಂದಿಮರಿಯಂತೆ ಕಿರುಚಿತು. ಸ್ವಲ್ಪ ಹೊತ್ತಿನ ಮೇಲೆ, ಮುದುಕನಂತೆ ನರಳಿತು.